ಭಾವ ಹಾಸಿದ ಹೊಯ್ಗೆ

ನಾನು ಶಾಲೆ ಬಿಟ್ಟದ್ದು ೧೯೮೭ರಲ್ಲಿ, ಏಳನೇ ಕ್ಲಾಸಿಗೆ. ನನ್ನ ಅಕ್ಕನ ಗಂಡ ಬಿ.ಕಾಂ. ಪಾಸು. ಆದರೂ ನಮ್ಮಿಬ್ಬರಲ್ಲಿ ತಲೆ ಕೆಟ್ಟವರು ಯಾರೆಂದು ದುಬೈಯಲ್ಲಿ ನಮ್ಮ ಬೀದಿಯ ಯಾವ ಗ್ಯಾರೇಜಿನಲ್ಲಿ ಬೇಕಾದರೂ ಕೇಳಿ, ಉತ್ತರಕ್ಕೆ ಯಾರೂ ತಡವರಿಸುವುದಿಲ್ಲ!

ಗ್ಯಾರೇಜು ನನ್ನದು. ಕಾರುಗಳ ಹೊಟ್ಟೆಯಡಿ ಮಲಗಿ ಮಲಗಿ ಬೆಳೆಸಿದ್ದು. ಭಾವ ಅಲ್ಲಿ ಬಿಲ್ಲು ಬರೆಯುತ್ತಾರೆ. ಬರೆದು ಸುಮ್ಮನಿದ್ದರೆ ಸಾಕಿತ್ತು. ಬ್ರೇಕ್ ಪ್ಯಾಡು ಬದಲಿಸಬೇಕೆಂದು ನಾನು ಗಿರಾಕಿಯನ್ನು ಒಪ್ಪಿಸಿ ಈಚೆ ಬರುವಷ್ಟರಲ್ಲಿ, ಅದು ಇನ್ನೂ ಮೂರು ತಿಂಗಳು ಓಡುತ್ತದೆಂದು ಇವರು ಅವನ ಕಿವಿಯಲ್ಲಿ ಊದಿರುತ್ತಾರೆ. ಇಂಥವರನ್ನು ಇಟ್ಟುಕೊಂಡು ವ್ಯಾಪಾರ ಮಾಡುವುದು ಹೇಗೆ, ನೀವೇ ಹೇಳಿ?

ಅದನ್ನೂ ಸಹಿಸಿಕೊಂಡೆ. ಸಹಿಸಲಾಗದ್ದು ಹೊಯ್ಗೆಯ ವಿಷಯ. ಊರಲ್ಲಿ ಪೂಜೆ, ಮದುವೆಗೆ ಮುಂಚೆ ಅಂಗಳಕ್ಕೆ ಹೊಸ ಹೊಯ್ಗೆ ಹಾಕುತ್ತಾರಲ್ಲ, ಹಾಗೆಯೇ ಪ್ರತಿ ಆಯುಧಪೂಜೆಗೆ ಭಾವ ಒಂದು ಲೋಡು ಮರಳು ತರಿಸಿ ಗ್ಯಾರೇಜಿನ ಹಿಂದಿನ ಅಂಗಳಕ್ಕೆ ಹಾಸುತ್ತಿದ್ದರು. ಮರುಭೂಮಿಗೆ ಮರಳು ತರಿಸುವ ಮನುಷ್ಯ! ಎಣ್ಣೆ ಚೆಲ್ಲಿ ಕಪ್ಪಾದ ನೆಲ ಒಂದೇ ದಿನದಲ್ಲಿ ಮದುವೆ ಮನೆಯಂತಾಗುತ್ತಿತ್ತು. ಬರ್ ದುಬೈಯ ದೇವಸ್ಥಾನದ ಓಣಿಯಿಂದ ತಂದ ಸೇವಂತಿಗೆ ಜಾಕಿಗೂ ಏರುತ್ತಿತ್ತು. ಚೆಂದ ಕಾಣುತ್ತದೆಂದು ನಾನೂ ಬಾಯಿ ಬಿಡಲಿಲ್ಲ.

೨೦೧೫ರಲ್ಲಿ ಮುನ್ಸಿಪಾಲಿಟಿಯ ಇನ್ಸ್‌ಪೆಕ್ಟರ್ ಒಬ್ಬರು ಬಂದು ಆ ಅಂಗಳದಲ್ಲಿ ಗುಂಡಿ ತೋಡಿಸಿದರು. ಒಂದು ಪದರ ಬಿಳಿ, ಒಂದು ಪದರ ಕಪ್ಪು, ಮತ್ತೆ ಬಿಳಿ, ಮತ್ತೆ ಕಪ್ಪು. ನಮ್ಮ ಏಳು ಆಯುಧಪೂಜೆಗಳನ್ನು ಗುಂಡಿಯ ಅಂಚಿನಲ್ಲಿ ನಿಂತು ಎಣಿಸಬಹುದಿತ್ತು!

ಎಣ್ಣೆ ಇಂಗಿದ ಮಣ್ಣು ತೆಗೆಸಬೇಕೆಂಬ ನೋಟಿಸು ಮಾತ್ರ ಹೋದದ್ದು ಜಾಗದ ಮಾಲೀಕರಾದ ಮುದಿ ಅರಬ್ಬಿಗೆ. ನೆಲ ಯಾರ ಹೆಸರಲ್ಲಿದೆಯೋ ಶುಚಿ ಮಾಡಿಸುವ ಹೊಣೆಯೂ ಮೊದಲು ಅವರದೇ ಎಂದು ಅದರಲ್ಲಿ ಬರೆದಿತ್ತಂತೆ. ನನಗೆ ಹೋದ ಜೀವ ಬಂತು. ನೆಲ ಅವರದು, ಹೊಣೆ ಅವರದು, ಖಲಾಸ್. ದಯವಿಟ್ಟು ಬಾಯಿ ಮುಚ್ಚಿಕೊಂಡಿರಿ ಎಂದು ಭಾವನಿಗೆ ಮೂರು ಸಲ ಹೇಳಿದೆ.

ಮುಚ್ಚಿಕೊಂಡರೇ? ಮರುದಿನವೇ ಅರಬ್ಬಿಯ ಮನೆಗೆ ಹೋಗಿ, ಖರ್ಜೂರ ತಿಂದು, ಎಣ್ಣೆ ಚೆಲ್ಲಿದ್ದೂ ನಾವೇ, ಮುಚ್ಚಿದ್ದೂ ನಾವೇ, ತೆಗೆಸುವವರೂ ನಾವೇ ಎಂದು ಚೊಕ್ಕ ಇಂಗ್ಲಿಷಿನಲ್ಲಿ ಬರೆದುಕೊಟ್ಟು ಬಂದರು. ಕೆಳಗೆ ನನ್ನ ಗ್ಯಾರೇಜಿನ ಸೀಲು!

ನಾನು ಕೂಗಾಡಿದೆ. "ಜಾಗ ನಮ್ಮದಾ ಭಾವ? ನಿಮ್ಮತ್ರ ಕೇಳಿದ್ದು ಯಾರು?"

ಭಾವ ಸೀಲನ್ನು ಒರೆಸಿ ಡ್ರಾಯರಿಗೆ ಹಾಕಿದರು. "ಅವರ ತಲೆಗೆ ಕಟ್ಟಿದ್ರೆ ಅವರು ಶುಚಿ ಮಾಡಿಸ್ತಾರೆ ಮಾರಾಯ. ಆಮೇಲೆ ನಮ್ಮನ್ನು ಒಳಗೆ ಬಿಡ್ತಾರಾ? ನಾನು ಎಲ್ಲಿಯಾದ್ರೂ ಬಿಲ್ಲು ಬರೀತೇನೆ. ನಿಂಗೆ ಈ ಗ್ಯಾರೇಜು ಬಿಟ್ರೆ ಎಂತ ಉಂಟು?"

ಬೇರೆ ಯಾರಾದರೂ ಹೀಗೆ ಅಂದಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಅಂದು ಹೊರಗೆ ಹೋಗಿ, ರಿಪೇರಿಯಾದ ಕಾರೊಂದರ ಬಾನೆಟ್ಟು ಎತ್ತಿ, ಸ್ವಲ್ಪ ಹೊತ್ತು ಅದರೊಳಗೆ ತಲೆ ಹಾಕಿ ನಿಂತೆ.

ಪರವಾನಗಿಯ ಲಾರಿಗಳು ಬಂದು ಮಣ್ಣೆಲ್ಲ ಹೊತ್ತುಕೊಂಡು ಹೋದವು. ಅದಕ್ಕಾಗಿ ಕಾರು ಎತ್ತುವ ಎರಡು ಲಿಫ್ಟುಗಳಲ್ಲಿ ಒಂದನ್ನು ಮಾರಬೇಕಾಯಿತು. ಅರಬ್ಬಿ ಐದು ವರ್ಷಕ್ಕೆ ಹೊಸ ಕರಾರು ಮಾಡಿಕೊಟ್ಟರು.

ಈಗ ನನಗಿರುವುದು: ಕಾಂಕ್ರೀಟು ಹಾಕಿದ ಒಂದು ಅಂಗಳ, ಒಂದು ಲಿಫ್ಟು, ನಾಲ್ವರು ಮೆಕ್ಯಾನಿಕರು, ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಒಂದು ಬಾಡಿಗೆ ಮನೆ, ಒಬ್ಬರು ಭಾವ.