ಟೀವಿಗೆ ಅಡ್ಡ ನಿಂತ ಅತ್ತೆ

ನಮ್ಮ ಸೋದರತ್ತೆಗೆ ಟೀವಿ ಕಂಡರಾಗದು ಎಂದು ಹಿರಿಯೂರಿನಿಂದ ಹೊಸದುರ್ಗದವರೆಗೆ ಹಬ್ಬಿರುವ ನಮ್ಮ ನೆಂಟರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಟೀವಿ ಕಂಡರಾಗದವಳು ಸಂಜೆ ಧಾರಾವಾಹಿ ಶುರುವಾಗುವ ಮೊದಲೇ ಒಗ್ಗರಣೆ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ಸೋಫಾದ ನಟ್ಟನಡುವೆ ಬಂದು ಕೂರುತ್ತಾಳೆಯೇ? ಅವಳ ತಕರಾರು ಟೀವಿಯ ಮೇಲಲ್ಲ, ಕೆಲವು ಜಾಹೀರಾತುಗಳ ಮೇಲೆ. ಅವು ಬಂದ ಕೂಡಲೇ ಎದ್ದು ಹೋಗಿ ಟೀವಿಗೆ ಬೆನ್ನು ಹಾಕಿ ನಿಂತುಬಿಡುತ್ತಾಳೆ! ನಮ್ಮತ್ತೆ ನಿಂತರೆ ಟೀವಿ ಹಾಗಿರಲಿ, ಹಿಂದಿನ ಗೋಡೆಯೂ ಕಾಣುವುದಿಲ್ಲ. ಅಷ್ಟು ಧಾರಾಳವಾದ ಮೈ.

ವಯಸ್ಸಾಗುತ್ತಾ ಮಡಿವಂತಿಕೆ ಜಾಸ್ತಿಯಾಗಿದೆ ಎನ್ನುವುದು ನಮ್ಮ ದೊಡ್ಡಪ್ಪನ ವಾದ. ಪುರಾವೆ ಎಲ್ಲಿ? ಬರೀ ಬನಿಯನ್ನಿನಲ್ಲಿ ಗಂಡಸರು ಹಾರಾಡುವ ಜಾಹೀರಾತಿಗೆ ಅತ್ತೆ ಜಪ್ಪಯ್ಯ ಎಂದರೂ ಏಳುವುದಿಲ್ಲ. ಕಡಲೆಕಾಯಿ ಬಿಡಿಸುತ್ತ ಪೂರ್ತಿ ನೋಡುತ್ತಾಳೆ. ಅವಳು ಏಳುವುದು, ಕಪ್ಪಗಿದ್ದ ಹುಡುಗಿಗೆ ಕ್ರೀಮು ಹಚ್ಚಿ ಬೆಳ್ಳಗಾದ ಮೇಲೆ ಕೆಲಸ ಸಿಗುವಾಗ. ಇಲ್ಲವೇ ದಪ್ಪಗಿದ್ದವಳು ಪುಡಿ ಕುಡಿದು ಸಣ್ಣಗಾದ ಮೇಲೆ ಗಂಡ ತಿರುಗಿ ನೋಡುವಾಗ. ಅದೂ ಮನೆಯ ಹೆಣ್ಣುಮಕ್ಕಳು ತಟ್ಟೆ ಹಿಡಿದು ಕೂತಿದ್ದರೆ ಮಾತ್ರ! ಮಡಿಗೆ ಇಷ್ಟೊಂದು ಲೆಕ್ಕಾಚಾರ ಇರುತ್ತದೆಯೇ?

ಮಾವ ಇದಕ್ಕೊಂದು ಉಪಾಯ ಹೂಡಿದರು. ಚಿತ್ರದುರ್ಗಕ್ಕೆ ಹೋಗಿ ಗೋಡೆಯಗಲದ ಹೊಸ ಟೀವಿ ತಂದರು. ಮೊದಲ ಸಂಜೆಯೇ ಪುಡಿಯ ಜಾಹೀರಾತು ಬಂತು. ಅತ್ತೆ ಎದ್ದು ನಿಂತಳು. ಅಯ್ಯೋ, ಎರಡೂ ಕಡೆ ಟೀವಿ ಉಳಿದುಬಿಟ್ಟಿತು! ಎಡಕ್ಕೆ ಪುಡಿಯ ಡಬ್ಬಿ, ಬಲಕ್ಕೆ ಯಾರದೋ ಸೊಂಟ. ಮಾವ ಮೀಸೆಯಲ್ಲೇ ನಕ್ಕರು. ಅತ್ತೆ ಸೆರಗಿನ ತುದಿ ಹಿಡಿದು ತೋಳು ಚಾಚಿದಳು.

"ನೀವು ಟೀವಿ ಅಗಲ ಮಾಡಿದ್ರೆ ನಾನು ನಾಳೆಯಿಂದ ಇನ್ನೊಂದು ಮುದ್ದೆ ಜಾಸ್ತಿ ಉಣ್ತೀನಿ. ಯಾರು ಗೆಲ್ತಾರೆ ನೋಡಾಣ."

ಜಾಹೀರಾತಿನಿಂದ ಯಾರೂ ಕೆಡುವುದಿಲ್ಲ, ನೋಡುವವರಿಗೆ ಬುದ್ಧಿ ಇರಬೇಕು ಎಂದು ಮಾವ ವಾದಕ್ಕಿಳಿದರು. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಸುಮ್ಮನಿರಲಾದೀತೇ? ಯಾರಿಗೂ ಏನೂ ಆಗದಿದ್ದರೆ ಕಂಪನಿಯವರು ಅಷ್ಟೊಂದು ದುಡ್ಡು ಸುರಿದು ದಿನಾ ಯಾಕೆ ತೋರಿಸುತ್ತಾರೆ, ಧರ್ಮಕ್ಕೋ ಎಂದು ಕೇಳಿದೆ. ಮಾವ ರಿಮೋಟು ಹುಡುಕತೊಡಗಿದರು. ರಿಮೋಟು ಅವರ ಕೈಯಲ್ಲೇ ಇತ್ತು.

ಆದರೆ ಅತ್ತೆಯ ಕೋಟೆಗೂ ಒಂದು ಕಿಂಡಿ ಇತ್ತು. ಮೊಬೈಲು! ಅಂಗೈಯಗಲದ ಪರದೆಗೆ ಅಡ್ಡ ನಿಲ್ಲುವುದು ಹೇಗೆ? ಡಿಗ್ರಿ ಓದುವ ಅವಳ ಮಗಳು ರೀಲ್ಸಿನಲ್ಲಿ ಒಬ್ಬ ಸಪೂರ ಸುಂದರಿಯನ್ನು ಗುರುವಾಗಿ ಹಿಡಿದಳು. ಗುರು ಹೇಳಿದಂತೆ ಮುದ್ದೆ ಬಿಟ್ಟಳು, ಅನ್ನ ಬಿಟ್ಟಳು. ಕೊನೆಗೆ ಉಳಿದದ್ದು ಬಿಸಿನೀರು ಮತ್ತು ಸೌತೆಕಾಯಿ. ಮದುವೆ ಮನೆಗಳಲ್ಲಿ ಸಿಕ್ಕವರೆಲ್ಲ, ಎಷ್ಟು ಚೆನ್ನಾಗಿ ಸಣ್ಣಗಾಗಿದ್ದೀಯ ಎಂದು ಹೊಗಳಿದರು. ಟೀವಿಗಿಂತ ನಾವೇನು ಕಡಿಮೆ? ಹೋದ ತಿಂಗಳು ಕಾಲೇಜಿನವರ ಜೊತೆ ಜೋಗಿಮಟ್ಟಿ ಬೆಟ್ಟ ಹತ್ತುವಾಗ ಹುಡುಗಿ ಕುಸಿದು ಬಿದ್ದಳು. ಮೈಯಲ್ಲಿ ರಕ್ತವಿಲ್ಲ, ಮುಟ್ಟೂ ನಿಂತುಹೋಗಿದೆ, ಹೀಗೇ ಬಿಟ್ಟರೆ ಕಷ್ಟ ಎಂದರು ಡಾಕ್ಟರು.

ಕಳೆದ ವಾರ ನಾನು ಅತ್ತೆಯ ಮನೆಗೆ ಹೋದಾಗ ಹುಡುಗಿಯ ತಟ್ಟೆಯಲ್ಲಿ ಮುದ್ದೆ ಮುರಿಯದೆ ಆರುತ್ತಿತ್ತು. ಕಣ್ಣು ಮೊಬೈಲಿನಲ್ಲಿ.

"ಸಾಕಮ್ಮ, ಹೊಟ್ಟೆ ತುಂಬೈತೆ."

ಈಗ ಬೈಗುಳ ಶುರು ಎಂದುಕೊಂಡೆ. ಅತ್ತೆ ಬೈಯಲಿಲ್ಲ, ಅಡ್ಡವೂ ನಿಲ್ಲಲಿಲ್ಲ. ಮಗಳ ಪಕ್ಕ ನೆಲಕ್ಕೆ ಕೂತಳು.

"ಆ ಹುಡುಗೀನ ನನಗೂ ಒಂದೀಟು ತೋರ್ಸು."

ಸುಂದರಿ ನಕ್ಕಳು, ಸೊಂಟ ತಿರುಗಿಸಿದಳು, ಮತ್ತೆ ಮೊದಲಿನಿಂದ ನಕ್ಕಳು. ಅತ್ತೆ ಬಹಳ ಹೊತ್ತು ಅವಳ ಕತ್ತಿನ ಮೂಳೆಗಳನ್ನೇ ನೋಡಿದಳು.

"ಇದಕ್ಕೂ ನಿನ್ನಷ್ಟೇ ವಯಸ್ಸಿರ್ಬೇಕು ಕಣೇ" ಎಂದಳು ಮಗಳಿಗೆ.

ಆಮೇಲೆ ಮುದ್ದೆ ಮುರಿದು, ಸಾರಿಗೆ ಅದ್ದಿ, ತುತ್ತನ್ನು ಮುಂದೆ ಹಿಡಿದಳು. ಮಗಳ ಬಾಯಿಗೋ ಮೊಬೈಲಿಗೋ, ವಾದದಲ್ಲಿ ಯಾರಿಗೂ ಸೋಲದ ನನಗೂ ತಿಳಿಯಲಿಲ್ಲ. ದನಿ ಮಾತ್ರ ಜ್ವರ ಬಂದ ಮಗುವನ್ನು ಮಾತಾಡಿಸುವಂತಿತ್ತು. ಪರದೆಯೊಳಗಿನ ಆ ಹುಡುಗಿಯನ್ನೇ ನೋಡುತ್ತ ಕೇಳಿದಳು:

"ಯಾಕವ್ವಾ, ಉಂಡ್ಯಾ ಅಂತ ನಿಮ್ಮನೇಲಿ ಯಾರೂ ನಿನ್ನ ಕೇಳಲ್ವಾ?"