ಗರುಡನೇತ್ರನ ಕೂಲಿಂಗ್ ಗ್ಲಾಸು

ನಮ್ಮ ಅತ್ತೆ ಯಾರನ್ನು ಬೇಕಾದರೂ ಕ್ಷಮಿಸುತ್ತಾರೆ, ಒಬ್ಬನನ್ನು ಬಿಟ್ಟು. ಆ ಒಬ್ಬ ನಮ್ಮ ಮಾವ ಇರಬೇಕೆಂದು ನೀವು ಊಹಿಸಿದ್ದರೆ ತಪ್ಪು. ಮಾವ ಮದುವೆಯ ದಿನವೇ ಮುಂಗಡವಾಗಿ ಕ್ಷಮೆ ಪಡೆದುಕೊಂಡವರು. ಅತ್ತೆ ಕ್ಷಮಿಸದಿರುವ ಆಸಾಮಿ ಪ್ಯಾಂಟಿನ ಮೇಲೆ ಚಡ್ಡಿ ಹಾಕುತ್ತಾನೆ, ಹೆಗಲಿಗೆ ಹಸಿರು ಶಾಲು ಕಟ್ಟಿಕೊಂಡು ಆಕಾಶದಲ್ಲಿ ಹಾರುತ್ತಾನೆ, ಕಾಮಿಕ್ಸ್ ಪುಸ್ತಕದ ಹೊರಗೆ ಎಲ್ಲಿಯೂ ಇಲ್ಲ. ಹೆಸರು ಗರುಡನೇತ್ರ. ಅವನ ಅಪರಾಧವೇನು ಗೊತ್ತೆ? ರಾತ್ರಿ ಹೊತ್ತು ಕೂಲಿಂಗ್ ಗ್ಲಾಸು ಹಾಕಿಕೊಂಡದ್ದು!

ಸ್ವಲ್ಪ ಹಿಂದಿನಿಂದ ಹೇಳಬೇಕು. ಅತ್ತೆ ನಮ್ಮಪ್ಪನ ಅಕ್ಕ, ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಕೆಂಪು ಪೆನ್ನು ಮಾತ್ರ ಇನ್ನೂ ನಿವೃತ್ತವಾಗಿಲ್ಲ. ಮದುವೆ ಪತ್ರಿಕೆ ಕೊಡಲು ಬಂದವರ ಎದುರಿಗೇ ಅದನ್ನು ತಿದ್ದಿ, "ಇನ್ನೊಂದ್ಸಲ ಅಚ್ಚು ಹಾಕಿಸ್ಬುಡಿ" ಎಂದು ವಾಪಸು ಕೊಡುತ್ತಾರೆ. ಇಂಥವರು ಹರೆಯದಲ್ಲಿ ಕಾಮಿಕ್ಸ್ ಹುಚ್ಚು ಹಿಡಿಸಿಕೊಂಡಿದ್ದರು ಎಂದರೆ ನಂಬುತ್ತೀರಾ? ಅವರ ಜೊತೆಗೆ ಅದೇ ಹುಚ್ಚಿನ ತಮ್ಮ, ಅಂದರೆ ನಮ್ಮ ಚಿಕ್ಕಪ್ಪ. ಇಬ್ಬರ ಮಧ್ಯೆ ಹುಟ್ಟಿದ ನಮ್ಮಪ್ಪ ಭಯದಿಂದಲೇ ಕಾಮಿಕ್ಸ್ ಓದಲಿಲ್ಲ.

ಅವರು ಬೆಳೆದ ಲಕ್ಷ್ಮೀಪುರಂನ ಮನೆಗೆ ಎರಡು ಕಾಮಿಕ್ಸ್ ಮಾಲೆಗಳು ಬರುತ್ತಿದ್ದವು. ವಿದ್ಯುಲ್ಲತೆಯದು ಅತ್ತೆಗೆ, ಗರುಡನೇತ್ರನದು ಚಿಕ್ಕಪ್ಪನಿಗೆ. ವಿದ್ಯುಲ್ಲತೆ ಬೆರಳು ತೋರಿಸಿದರೆ ಸಿಡಿಲು. ಗರುಡನೇತ್ರನೋ, ಊರಲ್ಲಿ ನಿಂತು ಬೆಟ್ಟದ ಮೇಲೆ ಹರಿಯುವ ಇರುವೆ ಗಂಡೋ ಹೆಣ್ಣೋ ಎಂದು ಹೇಳಬಲ್ಲ ಕಣ್ಣಿನವನು. ಹೀಗಿರುವಾಗ ಪ್ರಕಾಶಕರಿಗೆ ಒಂದು ಯೋಚನೆ ಹೊಳೆಯಿತು. ತಮ್ಮಲ್ಲಿರುವ ವೀರರನ್ನೆಲ್ಲ ಒಂದೇ ಕಥೆಯಲ್ಲಿ ಕೂಡಿಸಿ 'ವೀರ ಮಹಾಸಮಾಗಮ' ಎಂದು ಹೆಸರಿಟ್ಟರು. ಕಥೆಯ ಮೊದಲ ಭಾಗ ವಿದ್ಯುಲ್ಲತೆಯ ಪುಸ್ತಕದಲ್ಲಿ, ಎರಡನೆಯದು ಗರುಡನೇತ್ರನ ಪುಸ್ತಕದಲ್ಲಿ, ಮೂರನೆಯದು ಮತ್ತೆ ಅವಳದರಲ್ಲಿ, ಹೀಗೇ ಮುಂದಕ್ಕೆ. ಪೂರ್ತಿ ಕಥೆ ಬೇಕೆಂದರೆ ಎರಡನ್ನೂ ಕೊಳ್ಳಬೇಕು. ಇದಕ್ಕೆ ಕಲೆ ಎನ್ನುತ್ತಾರೋ ವ್ಯಾಪಾರ ಎನ್ನುತ್ತಾರೋ ನನಗೆ ಗೊತ್ತಿಲ್ಲ.

ಒಂದೇ ಮನೆಯಲ್ಲಿ ಎರಡೂ ಇದ್ದಾಗ ತೊಂದರೆ ಏನು? ತೊಂದರೆ ಚಟ್ನಿಯ ರೂಪದಲ್ಲಿ ಬಂತು. ಕಥೆ ನಡುದಾರಿಯಲ್ಲಿದ್ದಾಗ ಚಿಕ್ಕಪ್ಪ ಅಕ್ಕನನ್ನು ಕೇಳದೆ ಅವರ ಪುಸ್ತಕವನ್ನು ಯಾವನೋ ಸಹಪಾಠಿಗೆ ಕೊಟ್ಟರು. ಅದು ವಿದ್ಯುಲ್ಲತೆಯ ಮುಖದ ತುಂಬ ಕೊತ್ತಂಬರಿ ಚಟ್ನಿ ಮೆತ್ತಿಕೊಂಡು ವಾಪಸು ಬಂತು. ಅತ್ತೆ ಅವತ್ತೇ ಶಪಥ ಮಾಡಿದರು: "ಇನ್ಮೇಲೆ ನನ್ನ ಪುಸ್ತಕ ನೀನು ಮುಟ್ಟಬೇಡ, ನಿನ್ನ ಪುಸ್ತಕ ನಾನು ಮುಟ್ಟಲ್ಲ!"

ಆಮೇಲೆ ಇಬ್ಬರಿಗೂ ಮದುವೆಯಾಯಿತು, ಮಕ್ಕಳಾದವು, ತಲೆ ನೆರೆಯಿತು. ಚಿಕ್ಕಪ್ಪ ಜಯಲಕ್ಷ್ಮಿಪುರಂನಲ್ಲಿ ಮನೆ ಕಟ್ಟಿಸಿದರು. ಅಕ್ಕ ತಮ್ಮ ದಿನಾ ಫೋನಿನಲ್ಲಿ ಮಾತಾಡುತ್ತಾರೆ, ಹಬ್ಬಕ್ಕೆ ಹೋಗಿ ಬರುತ್ತಾರೆ, ಉಪ್ಪಿನಕಾಯಿ ಬದಲಾಯಿಸಿಕೊಳ್ಳುತ್ತಾರೆ. ಶಪಥ ಮಾತ್ರ ಹಾಗೇ ಇತ್ತು. ಅಂದರೆ ಇಬ್ಬರೂ ಮಹಾಸಮಾಗಮದ ಮುಂದಿನ ಕಥೆಯನ್ನು ಅರ್ಧರ್ಧ ಮಾತ್ರ ಓದಿದವರು! ಅಂಗಡಿಯಲ್ಲಿ ಇನ್ನೊಂದು ಪ್ರತಿ ಕೊಳ್ಳಬಹುದಿತ್ತಲ್ಲ ಎನ್ನುತ್ತೀರಾ? ಕೊಂಡರೆ ತಮ್ಮ ಗೆದ್ದ ಹಾಗಲ್ಲವೇ!

ಅರ್ಧ ಓದಿದವರ ವಿಮರ್ಶೆಗೆ ಇರುವ ಜೋರು ಪೂರ್ತಿ ಓದಿದವರದಕ್ಕೆ ಇರುವುದಿಲ್ಲ. ಅತ್ತೆಯನ್ನು ನೋಡಲು ಮಾವನ ಕಡೆಯವರು ಬಂದಾಗ, ಹುಡುಗ ಹುಡುಗಿ ಒಂದೆರಡು ಮಾತಾಡಲಿ ಎಂದು ಹಿರಿಯರು ಎದ್ದುಹೋದರಂತೆ. ಅತ್ತೆ ಕೇಳಿದ ಮೊದಲ ಪ್ರಶ್ನೆ, "ಮಹಾಸಮಾಗಮ ಓದಿದೀರಾ?" ಮಾವ ಬೆವರು ಒರೆಸಿಕೊಂಡು "ಇಲ್ಲ" ಎಂದರು. ಅತ್ತೆ ಒಳಗೆ ಹೋಗಿ ಒಪ್ಪಿಗೆ ತಿಳಿಸಿದರು. "ಓದ್ದೇ ಇರೋರ ಹತ್ರ ತಪ್ಪು ಅಭಿಪ್ರಾಯ ಇರಲ್ಲ ಕಣೆ" ಎಂದು ಈಗಲೂ ನನಗೆ ಹೇಳುತ್ತಾರೆ. ಮಾವ ಇವತ್ತಿನವರೆಗೂ ಓದಿಲ್ಲ. ಸಂಸಾರ ಸುಖವಾಗಿದೆ.

ಒಮ್ಮೆ ಅತ್ತೆಯ ಜೊತೆ ಮೆಟ್ಟಿಲು ಹತ್ತಿ ಚಾಮುಂಡಿ ಬೆಟ್ಟಕ್ಕೆ ಹೋದೆ. ಹತ್ತುವ ಜನ ದೇವರ ನಾಮ ಹೇಳುತ್ತಿದ್ದರೆ ಅತ್ತೆ ಏದುಸಿರು ಬಿಡುತ್ತ ಗರುಡನೇತ್ರನ ಜನ್ಮ ಜಾಲಾಡುತ್ತಿದ್ದರು. "ಹಿಂದಿನ ಸಂಚಿಕೇಲಿ ಚೆನ್ನಾಗೇ ಇದ್ದ ಕಣೆ. ಮುಂದಿನದ್ರಲ್ಲಿ ನೋಡಿದ್ರೆ ಕರೀ ಕೂಲಿಂಗ್ ಗ್ಲಾಸು! ಅದೂ ನಡುರಾತ್ರೀಲಿ! ಬೇರೆಯವರ ಹೆಗಲ ಮೇಲೆ ಕೈ ಹಾಕ್ಕೊಂಡು ಒಳ್ಳೆ ಸಾಹುಕಾರನ ಥರ ನಡೀತಾನೆ. ಜಂಬ!" ಪಕ್ಕದಲ್ಲಿ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತ ಬರುತ್ತಿದ್ದ ಹೆಂಗಸೊಬ್ಬರು ಇದನ್ನೆಲ್ಲ ಕೇಳಿಸಿಕೊಂಡು ಮರುಗಿದರು. "ಯಾರಮ್ಮ ಅದು, ನಿಮ್ಮ ಅಳಿಯನಾ? ಪಾಪ, ಕಣ್ಣಿಗೇನಾದ್ರೂ ಆಗಿತ್ತೇನೋ, ಒಂದ್ಸಲ ಕೇಳ್ಬಾರ್ದಾಗಿತ್ತಾ?" ಅತ್ತೆ ಆಕೆಯನ್ನೂ ಬಿಡಲಿಲ್ಲ. "ಅವನ ಕಣ್ಣಿಗೆ ಏನೂ ಆಗಲ್ಲ ಕಣಮ್ಮ, ಬುಡಿ. ಇರುವೆ ಕಾಣೋ ಕಣ್ಣು ಅದು!"

ದಸರೆಯಲ್ಲಿ ಚಿಕ್ಕಪ್ಪನ ಮನೆಗೆ ಬಂದವರ ಗತಿ ಕೇಳಬೇಡಿ. ಅಲ್ಲಿ ಕೂರಿಸಿದ ಗೊಂಬೆಗಳನ್ನು ನೋಡಿದ ಕೂಡಲೇ ಅತ್ತೆಗೆ ಮಹಾಸಮಾಗಮ ನೆನಪಾಗುತ್ತದೆ. "ಅದೂ ಹೀಗೇ. ಬರೆದವ್ನು ಎಲ್ಲಾರನ್ನೂ ಕರೆದು ಸಾಲಾಗಿ ನಿಲ್ಲಿಸಿಬಿಟ್ಟ. ಒಬ್ಬೊಬ್ಬರಿಗೆ ಒಂದೊಂದು ಡೈಲಾಗು. ಮೊದಲು ಒಬ್ಬರನ್ನೊಬ್ಬರು ತಪ್ಪು ತಿಳ್ಕೊಂಡು ಹೊಡೆದಾಡ್ತಾರೆ, ಆಮೇಲೆ ಕೈ ಕುಲುಕ್ತಾರೆ. ಯಾರಾದ್ರೂ ಒಬ್ರು 'ತಪ್ಪಾಯ್ತು' ಅಂದ್ರಾ? ಊಹೂಂ. ನೂರಕ್ಕೆ ಮೂವತ್ನಾಲ್ಕು, ಫೇಲು!"

"ಅಕ್ಕಾ, ಅರ್ಧ ಪೇಪರ್ ನೋಡಿ ಮಾರ್ಕ್ಸ್ ಹಾಕ್ತೀಯಲ್ಲ!" ಎಂದು ಚಿಕ್ಕಪ್ಪ ಕೆಣಕುತ್ತಿದ್ದರು.

"ಅರ್ಧ ನೋಡಿದ್ರೆ ಸಾಕು, ಹುಡುಗ ಪಾಸೋ ಫೇಲೋ ಗೊತ್ತಾಗುತ್ತೆ. ಎಲ್ಲಿ, ಕೂಲಿಂಗ್ ಗ್ಲಾಸು ಯಾಕೆ ಹಾಕ್ದ ಹೇಳು?"

"ನನ್ನ ಪುಸ್ತಕದಲ್ಲಿದೆ. ಓದ್ಕೋ."

"ಮುಟ್ಟಲ್ಲ."

"ಹಾಗಾದ್ರೆ ನಾನೂ ಹೇಳಲ್ಲ."

ಅಷ್ಟು ಹೊತ್ತಿಗೆ ಚಿಕ್ಕಮ್ಮ ಎಲ್ಲರಿಗೂ ಗೊಂಬೆಗಿಟ್ಟ ಚರುಪಿನ ತಿಂಡಿ ಹಂಚಿ ಕಳಿಸಿಬಿಡುತ್ತಿದ್ದರು.

ಹೋದ ದಸರೆಯಲ್ಲಿ ಈ ಕುಸ್ತಿ ನಡೆಯಲೇ ಇಲ್ಲ. ಅತ್ತೆ ಗೊಂಬೆ ನೋಡಿದರು, ಮೂವತ್ನಾಲ್ಕು ಎಂದರು. ಚಿಕ್ಕಪ್ಪ ಸುಮ್ಮನೆ ಕೂತಿದ್ದರು. ಅತ್ತೆಗೆ ಅನುಮಾನ ಬಂತು. ಚೀಲದಿಂದ ಒಂದು ಮದುವೆ ಪತ್ರಿಕೆ ತೆಗೆದು ತಮ್ಮನ ಕೈಗಿಟ್ಟು, "ಇದರಲ್ಲಿ ತಪ್ಪು ಹುಡುಕು ನೋಡೋಣ" ಎಂದರು. ತಪ್ಪು ಹುಡುಕುವುದರಲ್ಲಿ ಚಿಕ್ಕಪ್ಪ ಅಕ್ಕನಿಗಿಂತ ಒಂದು ಕೈ ಮೇಲು. ಅವರು ಪತ್ರಿಕೆಯನ್ನು ಹಿಂದೆ ಮುಂದೆ ಮಾಡಿ, ಮೂಗಿನ ಹತ್ತಿರ ತಂದು, "ಏನೂ ತಪ್ಪಿಲ್ಲ, ಚೆನ್ನಾಗಿದೆ" ಎಂದರು. ಅದರಲ್ಲಿ ಮದುಮಗಳ ಹೆಸರೇ ಅಚ್ಚಾಗಿರಲಿಲ್ಲ! ಅತ್ತೆ ಪತ್ರಿಕೆಯನ್ನು ವಾಪಸು ತೆಗೆದುಕೊಂಡು ಅಡಿಗೆಮನೆಗೆ ಹೋದರು. ಚಿಕ್ಕಮ್ಮ ಅಲ್ಲಿ ಅಳುತ್ತ ಎಲ್ಲ ಹೇಳಿದರಂತೆ. ಚಿಕ್ಕಪ್ಪನಿಗೆ ಗ್ಲಾಕೋಮಾ, ಕಣ್ಣಿನ ನರ ಹಾಳಾಗುವ ರೋಗ. ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳೋಣ ಎಂದು ಡಾಕ್ಟರು ಹೇಳಿದ್ದರು. ಉಳಿದಿದ್ದೂ ಹೆಚ್ಚೇನಿರಲಿಲ್ಲ. ಎದುರಿಗೆ ಯಾರೋ ಇದ್ದಾರೆ ಎಂದು ಕಾಣುತ್ತಿತ್ತು, ಯಾರೆಂದು ಧ್ವನಿಯಿಂದ ತಿಳಿಯಬೇಕಾಗಿತ್ತು. ಅಕ್ಕನಿಗೆ ಮಾತ್ರ ಹೇಳಬಾರದೆಂದು ಚಿಕ್ಕಪ್ಪನೇ ಆಣೆ ಹಾಕಿಸಿದ್ದರು.

ಮಾರನೆಯ ಬೆಳಿಗ್ಗೆ ಅತ್ತೆ ನನ್ನನ್ನು ಹೊರಡಿಸಿಕೊಂಡು ಆಟೋ ಹತ್ತಿದರು. ತೊಡೆಯ ಮೇಲೆ ಒಂದು ಬಟ್ಟೆ ಚೀಲ. ಇಳಿದದ್ದು ಜಯಲಕ್ಷ್ಮಿಪುರಂನಲ್ಲಿ. ಮನೆಯೊಳಗೆ ಕಾಲಿಟ್ಟವರೇ ಗಟ್ಟಿಯಾಗಿ, "ಎಲ್ಲೋ ನಿನ್ನ ಗರುಡನೇತ್ರ? ತೆಗೆಸು ಆಚೆಗೆ" ಎಂದರು.

"ಮುಟ್ಟಲ್ಲ ಅಂದಿದ್ಯಲ್ಲ?" ಎಂದರು ಚಿಕ್ಕಪ್ಪ.

"ಮುಟ್ಟಲ್ಲ ಅಂದಿದ್ದೆ, ಓದಲ್ಲ ಅಂದಿರಲಿಲ್ಲ. ಪುಟ ಇವಳು ತಿರುಗಿಸ್ತಾಳೆ, ನಾನು ಓದ್ತೀನಿ."

ಹಾಗೆ ನನಗೆ ಪುಟ ತಿರುಗಿಸುವ ಕೆಲಸ ಸಿಕ್ಕಿತು. ಅರ್ಧ ಗಂಟೆಯೊಳಗೆ ಅತ್ತೆ ಶಪಥವನ್ನು ಮರೆತು ಪುಸ್ತಕವನ್ನು ನನ್ನ ಕೈಯಿಂದ ಕಿತ್ತುಕೊಂಡರು, ಆ ಮಾತು ಬೇರೆ. ಮೊದಲಿನಿಂದ ಶುರು ಮಾಡಿ, ಚೀಲದಲ್ಲಿ ತಂದಿದ್ದ ತಮ್ಮದು ಒಂದು, ಚಿಕ್ಕಪ್ಪನದು ಒಂದು, ಸರದಿಯ ಮೇಲೆ ಓದುತ್ತ ಹೋದರು. ಚಿತ್ರಗಳನ್ನೂ ಬಿಡಿಸಿ ಹೇಳುತ್ತಿದ್ದರು. ಚಿಕ್ಕಪ್ಪನಿಗೆ ತಮ್ಮ ಪುಸ್ತಕಗಳೆಲ್ಲ ಬಾಯಿಪಾಠ. "ಅಲ್ಲಿ 'ಎಲೈ ದುಷ್ಟ' ಅಂತಿಲ್ಲ ಅಕ್ಕ, 'ಎಲವೋ ದುಷ್ಟ' ಅಂತಿದೆ" ಎಂದು ಕೂತಲ್ಲಿಂದಲೇ ತಿದ್ದುತ್ತಿದ್ದರು. ಅತ್ತೆ ರೇಗುತ್ತಿದ್ದರು. ದಸರೆಯ ಕುಸ್ತಿ ಒಂದು ದಿನ ತಡವಾಗಿ ಶುರುವಾಗಿತ್ತು. ನನಗೂ ಹಾಯೆನಿಸಿತು.

ಆಮೇಲೆ ಆ ಪುಟ ಬಂತು. ಅದು ಚಿಕ್ಕಪ್ಪನ ಪುಸ್ತಕದ ಪುಟ, ಅತ್ತೆ ಇಷ್ಟು ವರ್ಷ ಮುಟ್ಟದೇ ಇದ್ದದ್ದು. ಜ್ವಾಲಾಸುರ ಎಂಬ ಖಳ ಒಂದು ಬೆಳಕಿನ ಉಂಡೆಯನ್ನು ಊರಿನ ಮೇಲೆ ಎಸೆಯುತ್ತಾನೆ. ಅದು ಸಿಡಿದರೆ ಊರಿಗೆ ಊರೇ ಕುರುಡಾಗುತ್ತದೆ. ಗರುಡನೇತ್ರ ಹಾರಿಹೋಗಿ ಅದನ್ನು ತಬ್ಬಿಕೊಂಡು ಅಷ್ಟೂ ಬೆಳಕನ್ನು ತನ್ನ ಕಣ್ಣಿಗೇ ತುಂಬಿಕೊಳ್ಳುತ್ತಾನೆ. ಕೊನೆಯ ಚಿತ್ರದಲ್ಲಿ ಏನೂ ಇಲ್ಲ, ಬರೀ ಕಪ್ಪು. ಕೆಳಗೆ ಒಂದೇ ಸಾಲು: 'ಇನ್ನು ನನಗೆ ಯಾವ ಬೆಳಗೂ ಇಲ್ಲ.'

ಅತ್ತೆಯ ಧ್ವನಿ ನಿಂತಿತು. ನಾನು ಪಕ್ಕದಿಂದ ಬಗ್ಗಿ ಪುಟವನ್ನು ನೋಡಿದೆ.

"ಓದಕ್ಕ, ಆಮೇಲೆ?" ಎಂದರು ಚಿಕ್ಕಪ್ಪ.

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಬೆಳಕಿನ ಉಂಡೆ ಬಂತು. ಗರುಡನೇತ್ರ ಗಟ್ಟಿಯಾಗಿ ಕಣ್ಣು ಮುಚ್ಕೊಂಡ. ಉಂಡೆ ಠುಸ್ ಅಂತು. ಏನೂ ಆಗ್ಲಿಲ್ಲ."

ಒಂದಕ್ಷರ ಹೆಚ್ಚುಕಡಿಮೆಯಾದರೆ ತಿದ್ದುವ ಮನುಷ್ಯ ಈಗ ತಿದ್ದಲಿಲ್ಲ. "ಏನೂ ಆಗ್ಲಿಲ್ವಾ?" ಎಂದರು.

"ಏನೂ ಆಗ್ಲಿಲ್ಲ ಕಣೋ."

"ಚಿತ್ರ ಹೇಗಿದೆ?"

ಅತ್ತೆ ಆ ಕಪ್ಪು ಚೌಕದ ಮೇಲೆ ಬೆರಳಿಟ್ಟರು. "ಬೆಳಗಾಗಿದೆ. ಬೆಟ್ಟದ ಮೇಲೆ ನಿಂತಿದಾನೆ. ಊರೆಲ್ಲಾ ಕಾಣ್ತಾ ಇದೆ ಅವನಿಗೆ."

"ಮತ್ತೆ ಆ ಕೂಲಿಂಗ್ ಗ್ಲಾಸು?"

"ಸ್ಟೈಲಿಗೆ ಕಣೋ. ಹಾಕ್ಕೊಳ್ಲಿ ಬುಡು. ಒಪ್ಪುತ್ತೆ ಅವನಿಗೆ."

ಚಿಕ್ಕಪ್ಪ ಕೈ ಚಾಚಿ ಗಾಳಿಯಲ್ಲಿ ಹುಡುಕಿದರು. ಅತ್ತೆ ತಮ್ಮ ಕೈಯನ್ನು ಅಲ್ಲಿಗೆ ಕೊಂಡೊಯ್ದು ಕೊಟ್ಟರು.

"ಅಕ್ಕಾ, ಉಳಿದಿದ್ದನ್ನೂ ಹೀಗೇ ಓದು," ಎಂದರು ಚಿಕ್ಕಪ್ಪ. "ತಪ್ಪೆಲ್ಲ ತಿದ್ಕೊಂಡು."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಮುಂದಿನ ಪುಟ ತಿರುಗಿಸಿದರು.