ಅಟ್ಟ ಹತ್ತಿದ ಕಾಲಾಳು

ಚದುರಂಗದ ಕುದುರೆ ಎರಡು ಮನೆ ನೇರ ನಡೆದು ಒಂದು ಮನೆ ಪಕ್ಕಕ್ಕೆ ತಿರುಗುವುದು 1979ನೆಯ ಇಸವಿ ಜೂನ್ ಹದಿನಾಲ್ಕರ ಮಧ್ಯಾಹ್ನದವರೆಗೆ ತಿಪಟೂರಿನ ನಮ್ಮ ಕಚೇರಿಯಲ್ಲಿ ಅನಧಿಕೃತವಾಗಿತ್ತು. ಅಂದು ಮೂರು ಗಂಟೆಗೆ ಸೂಪರಿಂಟೆಂಡೆಂಟ್ ಸದಾಶಿವಯ್ಯನವರು ಕಡತಕ್ಕೆ ರುಜು ಹಾಕಿದ ಮೇಲೆ ಕುದುರೆಗಳು ಕಾನೂನುಬದ್ಧವಾಗಿ ನಡೆಯತೊಡಗಿದವು.

ನಮ್ಮದು ತೆಂಗಿನಕಾಯಿ ಗಾತ್ರ ನಿರ್ಣಯ ಉಪಕಚೇರಿ. ಯಾವ ಕಾಯಿ ದೊಡ್ಡದು, ಯಾವುದು ಸಣ್ಣದು ಎಂಬುದನ್ನು ಬೆಳೆದವರೇ ನೋಡಿ ತೀರ್ಮಾನಿಸುವ ಅವ್ಯವಸ್ಥೆಯನ್ನು ತಪ್ಪಿಸಲು ಸರ್ಕಾರ ಇದನ್ನು ತೆರೆದಿತ್ತು. ನಾನು ಅಲ್ಲಿ ಎರಡನೇ ದರ್ಜೆ ಗುಮಾಸ್ತ. ಈ ಕಡತ ಬರೆದವನು ನಾನೇ. ಇದರಲ್ಲಿ ಸುಳ್ಳೇನಾದರೂ ಕಂಡರೆ ಅದು ಮೇಲಿನವರು ತಿದ್ದಿದ್ದೆಂದು ತಿಳಿಯತಕ್ಕದ್ದು.

ಆ ವರ್ಷ ಮೇಲಿನ ಕಚೇರಿಯಿಂದ ಒಂದು ಸುತ್ತೋಲೆ ಬಂತು. ದಿನಗೂಲಿ ನೌಕರರ ಬುದ್ಧಿಮಟ್ಟ ಹೆಚ್ಚಿಸಲು ಚದುರಂಗ ಸ್ಪರ್ಧೆ ನಡೆಸತಕ್ಕದ್ದು, ಗೆದ್ದವನನ್ನು ಖಾಲಿ ಇರುವ ಒಂದು ಜವಾನನ ಹುದ್ದೆಗೆ ಕಾಯಂ ಮಾಡತಕ್ಕದ್ದು. ನಮ್ಮಲ್ಲಿ ದಿನಗೂಲಿಯವರು ಇಬ್ಬರೇ. ಒಬ್ಬ ಹಂದನಕೆರೆಯ ಮಲ್ಲಿಕಾರ್ಜುನಯ್ಯ, ಸೂಪರಿಂಟೆಂಡೆಂಟರ ಬಾಮೈದ, ಕೆಲಸಕ್ಕೆ ಸೇರಿ ಎಂಟು ವಾರ. ಇನ್ನೊಬ್ಬ ದುರ್ಗಯ್ಯ, ಸೇರಿ ಹದಿಮೂರು ವರ್ಷ. ಸಂಜೆ ಐದೂವರೆಗೆ ಯಾರಾದರೂ ‘ನಾಳೆ ಬಾ’ ಎಂದರೆ ಮಾತ್ರ ದುರ್ಗಯ್ಯನಿಗೆ ನಾಳೆ ಕೆಲಸ. ನಾವು ಹೇಳಲು ಮರೆತ ದಿನ ಬಸ್ ಸ್ಟ್ಯಾಂಡಿನವರೆಗೂ ಹಿಂದೆ ಬಂದು ಆ ಎರಡು ಮಾತು ಕೇಳಿಸಿಕೊಂಡೇ ಮನೆಗೆ ಹೋಗುತ್ತಿದ್ದ.

ತೊಂದರೆ ಏನೆಂದರೆ ದುರ್ಗಯ್ಯನಿಗೆ ಆಟ ಬರುತ್ತಿತ್ತು. ಹಿಂದೆ ಇದ್ದ ಸಾಹೇಬರೊಬ್ಬರು ಊಟದ ಬಿಡುವಿನಲ್ಲಿ ಎದುರಿಗೆ ಕೂರಲು ಯಾರೂ ಸಿಗದೆ ಇವನಿಗೆ ಕಲಿಸಿದ್ದರು. ಆಮೇಲೆ ಇವನ ಕೈಯಲ್ಲಿ ಸೋತು ಸೋತು ವರ್ಗ ಮಾಡಿಸಿಕೊಂಡು ಹೋದರು.

ಸದಾಶಿವಯ್ಯನವರಿಗೆ ಆಟ ಗೊತ್ತಿರಲಿಲ್ಲ, ಆದ್ದರಿಂದ ಅವರೇ ತೀರ್ಪುಗಾರರಾದರು. ದುರ್ಗಯ್ಯ ಮಣೆಯ ಮೇಲೆ ಒಂದೊಂದನ್ನೇ ನಡೆಸಿ ತೋರಿಸಿದ. ಒಂದೇ ದಂಡಿನಲ್ಲಿ ಇಷ್ಟು ಜನ ಇಷ್ಟು ಬಗೆಯಾಗಿ ನಡೆಯಲು ಅನುಮತಿ ಕೊಟ್ಟವರು ಯಾರು ಎಂದು ಅವರು ಕೇಳಿದರು. ದುರ್ಗಯ್ಯನ ಬಳಿ ಆದೇಶದ ಪ್ರತಿ ಇರಲಿಲ್ಲ. ಹಾಗಾಗಿ ಪ್ರತಿಯೊಂದು ನಡೆಯನ್ನೂ ಕಡತದಲ್ಲಿ ಮಂಡಿಸಿ ಮಂಜೂರಾತಿ ಪಡೆಯಬೇಕಾಯಿತು.

ರಾಜ ಒಂದು ಸಲಕ್ಕೆ ಒಂದೇ ಮನೆ ಕದಲುತ್ತಾನೆ, ಅವನನ್ನು ಕಾಯಲು ಉಳಿದವರೆಲ್ಲ ಸಾಯುತ್ತಾರೆ ಎಂಬುದು ಚರ್ಚೆಯಿಲ್ಲದೆ ಮಂಜೂರಾಯಿತು. ಒಂಟೆಯ ಓರೆ ನಡಿಗೆಗೂ ಅಡ್ಡಿ ಬರಲಿಲ್ಲ. ತಿಪಟೂರಿನಿಂದ ತುರುವೇಕೆರೆಗೆ ಪ್ರವಾಸ ಹೊರಟ ಸೂಪರಿಂಟೆಂಡೆಂಟರು ಪ್ರತಿ ಸಲವೂ ಮಾವನ ಮನೆಯ ಮೇಲೆ, ಅಂದರೆ ಬೇರೆಯೇ ದಿಕ್ಕಿನ ಹಂದನಕೆರೆಯ ಮೇಲೆ, ಹೋಗುವುದು ದಾಖಲೆಯಲ್ಲೇ ಇತ್ತು. ಕುದುರೆ ಮಾತ್ರ ನಾಲ್ಕು ದಿನ ಹಿಡಿಯಿತು. ಮುಂದೆ ನಿಂತವರ ತಲೆಯ ಮೇಲೆ ಹಾರಿ ಹೋಗುವುದಕ್ಕೆ ಪೂರ್ವನಿದರ್ಶನ ಇದೆಯೇ ಎಂದು ಪ್ರಶ್ನೆ ಬಂತು. ಹುಡುಕಿದಾಗ ನಮ್ಮ ಕಚೇರಿಯ ಬಡ್ತಿ ಪಟ್ಟಿಯಲ್ಲೇ ಮೂರು ಸಿಕ್ಕವು.

ಜೂನ್ ಇಪ್ಪತ್ತರಂದು ಆಟ ನಡೆಯಿತು. ಮಲ್ಲಿಕಾರ್ಜುನಯ್ಯ ಅರ್ಧ ಗಂಟೆಯಲ್ಲಿ ಆನೆ, ಒಂಟೆ, ಕುದುರೆಗಳನ್ನೆಲ್ಲ ಕಳೆದುಕೊಂಡು ರಾಜನನ್ನು ಮೂಲೆಗೆ ಒತ್ತಿಕೊಂಡು ಕೂತ. ದುರ್ಗಯ್ಯನ ಕಾಲಾಳೊಂದು ಒಂದೊಂದೇ ಮನೆ ದಾಟಿ ಕೊನೆಯ ಸಾಲು ಮುಟ್ಟಿತು. ಕೊನೆ ಮುಟ್ಟಿದ ಕಾಲಾಳು ಮಂತ್ರಿಯಾಗುತ್ತದೆ, ಮಂತ್ರಿಯಾದರೆ ಎದುರಾಳಿ ರಾಜನಿಗೆ ದಾರಿಯಿಲ್ಲ, ಆಟ ಮುಗಿಯಿತು ಎಂದು ದುರ್ಗಯ್ಯ ಕೈಮುಗಿದು ವಿವರಿಸಿದ.

ಸದಾಶಿವಯ್ಯನವರ ಮುಖ ಬಿಳಿಚಿಕೊಂಡಿತು. ಆಗ ಹೆಡ್ ಕ್ಲಾರ್ಕ್ ಕರಿಬಸವಯ್ಯನವರು ಗಂಟಲು ಸರಿಮಾಡಿಕೊಂಡರು. ಕಿಬ್ಬನಹಳ್ಳಿಯಲ್ಲಿ ಅವರಿಗೆ ಆರು ಎಕರೆ ತೋಟ, ಕಚೇರಿಯನ್ನು ಬಿಡುವಿದ್ದಾಗ ನೋಡಿಕೊಳ್ಳುತ್ತಿದ್ದರು.

“ಏನ್ಲಾ ದುರ್ಗಯ್ಯ, ಇವತ್ತು ಕಾಯಿ ಅಟ್ಟಕ್ಕಾಕಿ ನಾಳೆ ಬೆಳಿಗ್ಗೆ ಕೊಬ್ಬರಿ ಕೊಡು ಅಂದ್ರೆ ಕೊಡ್ತದಾ? ಹನ್ನೊಂದು ತಿಂಗ್ಳು ಬೇಕು ಕಣ್ಲಾ. ಕೊಬ್ಬರಿಗೇ ಅಷ್ಟಾದ್ರೆ ಮಂತ್ರಿಗೆ ಬ್ಯಾಡ್ವಾ?”

ಈ ಸೀಮೆಯಲ್ಲಿ ಆ ಮಾತಿಗೆ ಎದುರಾಡುವವರಿಲ್ಲ. ದುರ್ಗಯ್ಯ ಸ್ವಲ್ಪ ಯೋಚಿಸಿ, ಅದೂ ದಿಟವೇ ಎಂದು ತಲೆಯಾಡಿಸಿದ. ನನಗೆ ಅವನ ಮೇಲೇ ಸಿಟ್ಟು ಬಂತು, ಆದರೂ ನಡಾವಳಿ ಬರೆದೆ: ‘ಸದರಿ ಕಾಲಾಳನ್ನು ದಾಖಲೆ ಕೊಠಡಿಯ ಅಟ್ಟದ ಮೇಲೆ ಹನ್ನೊಂದು ತಿಂಗಳು ಇರಿಸತಕ್ಕದ್ದು. ಅಲ್ಲಿಯತನಕ ಮಣೆಯನ್ನು ಅರಗಿನ ಮುದ್ರೆ ಹಾಕಿ ಇಡತಕ್ಕದ್ದು.’

ಆಮೇಲೆ ಪ್ರತಿ ತಿಂಗಳ ಮೊದಲ ಸೋಮವಾರ ತಪಾಸಣೆ. ಏಣಿ ಹತ್ತಿ ಕಾಲಾಳನ್ನು ಇಳಿಸುವುದು, ಧೂಳು ಒರೆಸುವುದು, ಮತ್ತೆ ಹತ್ತಿಸುವುದು ದುರ್ಗಯ್ಯನ ಕೆಲಸ. ಒಣಗಿದ ಕೊಬ್ಬರಿ ಚಿಪ್ಪು ಬಿಟ್ಟು ಒಳಗೆ ಸದ್ದು ಮಾಡುತ್ತದೆಯೇ ಎಂದು ನೋಡುವವರಂತೆ ಕರಿಬಸವಯ್ಯನವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಅದು ಬೀಟೆ ಮರದ್ದು. ‘ಸದ್ದಿಲ್ಲ, ಆದ್ದರಿಂದ ಇನ್ನೂ ಮಾಗಿಲ್ಲ’ ಎಂದು ನಾನು ಬರೆಯುತ್ತಿದ್ದೆ. ದುರ್ಗಯ್ಯ ಪಕ್ಕದಲ್ಲಿ ತಾನೂ ಕಿವಿಯೊಡ್ಡಿ ನಿಂತಿರುತ್ತಿದ್ದ. ಇಲಿ ಕಡಿಯದಂತೆ ಅದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟವನೂ ಅವನೇ. ಈ ನಡುವೆ ಸ್ಪರ್ಧೆಯ ಫಲಿತಾಂಶ ಕೇಳಿ ಮೇಲಿನಿಂದ ಮೂರು ಜ್ಞಾಪನಗಳು ಬಂದವು. ಮೂರನೆಯದು ಸ್ವಲ್ಪ ಗಡುಸಾಗಿತ್ತು.

1980ರ ಮೇ ಇಪ್ಪತ್ತಕ್ಕೆ ಹನ್ನೊಂದು ತಿಂಗಳು ತುಂಬಿತು. ಇನ್ನು ತಪ್ಪಿಸಿಕೊಳ್ಳುವ ದಾರಿ ಕಾಣದೆ ಸದಾಶಿವಯ್ಯನವರು ಸದ್ದಿನ ಷರತ್ತನ್ನು ಸಡಿಲಿಸಿ, ಎಲ್ಲರನ್ನೂ ಕರೆಸಿ ಆದೇಶ ಓದಿದರು. ಹನ್ನೊಂದು ತಿಂಗಳ ಸೇವೆಯನ್ನು ತೃಪ್ತಿಕರವಾಗಿ ಪೂರೈಸಿದ ಕಾಲಾಳನ್ನು ಮಂತ್ರಿ ಹುದ್ದೆಗೆ ಏರಿಸಿ ಕಾಯಂ ಮಾಡಲಾಗಿದೆ. ಆಕ್ಷೇಪಣೆ ಇದ್ದವರು ಈಗಲೇ ಸಲ್ಲಿಸಬಹುದು. ನಾನು ಖುಷಿಯಿಂದ ಮಣೆಯನ್ನು ತಂದು ಮೇಜಿನ ಮೇಲಿಟ್ಟೆ. ಮುದ್ರೆ ಒಡೆದು ಕಾಲಾಳಿನ ಮನೆಯಲ್ಲಿ ಮಂತ್ರಿಯನ್ನು ಇಟ್ಟರೆ ಆಟ ಮುಗಿದು ದುರ್ಗಯ್ಯ ಸರ್ಕಾರಿ ನೌಕರ.

ದುರ್ಗಯ್ಯ ಕೈಯೆತ್ತಿದ.

“ಒಂದು ಮಾತು ಸ್ವಾಮಿ. ನಾನು ಸೇರಿ ಹದ್ನಾಕನೇ ವರ್ಸ, ಇನ್ನೂ ದಿನಗೂಲಿ. ಇದು ಹನ್ನೊಂದು ತಿಂಗ್ಳು ಅಟ್ಟದ ಮ್ಯಾಲೆ ಸುಮ್ಕೆ ಕೂತಿತ್ತು. ಹತ್ಸಿ ಇಳ್ಸಿದ್ದು ನಾನು. ನನಗಿಂತ ಮುಂಚೆ ಇದ್ನ ಕಾಯಂ ಮಾಡಿದ್ರೆ ನ್ಯಾಯ ಆಯ್ತದಾ?”

ನಾನು ಅವನ ತೋಳು ಹಿಡಿದು, ಅದು ನಿನ್ನದೇ ಕಾಲಾಳು, ಸುಮ್ಮನಿರು ಎಂದು ಪಿಸುಗುಟ್ಟಿದೆ.

“ನಂದಾದ್ರೇನು ಸ್ವಾಮಿ? ಸರ್ವೀಸು ಸರ್ವೀಸೇ. ಇಷ್ಟು ವರ್ಸ ನಿಮ್ ಜತೆ ಇದ್ದು ಅಷ್ಟೂ ಕಲೀಲಿಲ್ಲ ಅಂದ್ರೆ ಎಂಗೆ?”

ಸದಾಶಿವಯ್ಯನವರು ಎದ್ದು ಬಂದು ಅವನ ಬೆನ್ನು ತಟ್ಟಿದರು. ಇಂಥ ನ್ಯಾಯಬುದ್ಧಿಯ ಮನುಷ್ಯನನ್ನು ತಮ್ಮ ಸೇವಾವಧಿಯಲ್ಲೇ ಕಂಡಿಲ್ಲ ಎಂದರು. ಅಷ್ಟು ಮಟ್ಟಿಗೆ ಅವರು ನಿಜವನ್ನೇ ಹೇಳಿದರು. ಅಂದೇ ಪರಿಷ್ಕೃತ ಆದೇಶ ಹೊರಟಿತು: ‘ಶ್ರೀ ದುರ್ಗಯ್ಯನವರ ಆಕ್ಷೇಪಣೆಯನ್ನು ಪೂರ್ಣವಾಗಿ ಎತ್ತಿಹಿಡಿಯಲಾಗಿದೆ. ಅವರು ಕಾಯಂ ಆಗುವವರೆಗೆ ಸದರಿ ಕಾಲಾಳು ಮಂತ್ರಿಯಾಗತಕ್ಕದ್ದಲ್ಲ. ಕಾಲಾಳು ಮಂತ್ರಿಯಾಗಿ ಆಟ ಮುಗಿಯುವವರೆಗೆ ಅವರು ಕಾಯಂ ಆಗತಕ್ಕದ್ದಲ್ಲ. ಕೆಲಸಕ್ಕೆ ಅಡಚಣೆಯಾಗದಿರಲು ಖಾಲಿ ಹುದ್ದೆಗೆ ಶ್ರೀ ಮಲ್ಲಿಕಾರ್ಜುನಯ್ಯನವರನ್ನು ನೇಮಿಸಿದೆ.’

ಮೇಲಿನ ಕಚೇರಿ ಇದನ್ನು ಮೆಚ್ಚಿ, ಮಾದರಿಯಾಗಿ ಅನುಸರಿಸುವಂತೆ ಎಲ್ಲ ಉಪಕಚೇರಿಗಳಿಗೂ ಪ್ರತಿ ಕಳಿಸಿತು.

ಇಷ್ಟು ವರ್ಷಗಳಲ್ಲಿ ದುರ್ಗಯ್ಯ ಕೊಟ್ಟ ಅರ್ಜಿಗಳಲ್ಲಿ ಮಂಜೂರಾದದ್ದು ಇದೊಂದೇ. ಮರುದಿನ ಅವನ ಹೆಂಡತಿ ಕೆಂಪಕ್ಕ ಕೊಬ್ಬರಿ ತುರಿದು ಬೆಲ್ಲ ಕಲಸಿ ಒಂದು ಡಬ್ಬಿ ತುಂಬ ಕಳಿಸಿದ್ದಳು. ಅವನು ಹೆಗಲ ಟವೆಲ್ ಸರಿಮಾಡಿಕೊಂಡು ಒಬ್ಬೊಬ್ಬರ ಮೇಜಿಗೂ ಬಂದು ಬೊಗಸೆ ತುಂಬ ಹಂಚಿದ. ಚೆನ್ನಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ.